ಅಂತರ್ಜಾಲ ಸಮಾನತೆ: ಅರ್ಧಕ್ಕೆ ನಿಂತ ಒಂದು ತೀರ್ಮಾನ

2016ರ ಫೆಬ್ರುವರಿ 8ರಂದು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು, ಅಂದರೆ ಟ್ರಾಯ್, ಡೇಟಾ ಸೇವೆಗಳಿಗೆ ತಾರತಮ್ಯದ ದರ ವಿಧಿಸುವುದನ್ನು ನಿಷೇಧಿಸಿ ನಿಯಮಾವಳಿಯೊಂದನ್ನು ಹೊರಡಿಸಿತು. ಗ್ರಾಹಕರು ಯಾವ ಜಾಲತಾಣ ನೋಡುತ್ತಾರೆ, ಯಾವ ಆ್ಯಪ್ ಬಳಸುತ್ತಾರೆ ಎಂಬುದನ್ನು ನೋಡಿಕೊಂಡು ಡೇಟಾದ ಬೆಲೆಯನ್ನು ಹೆಚ್ಚುಕಡಿಮೆ ಮಾಡಕೂಡದು ಎಂಬುದು ಅದರ ತಿರುಳು. ಮೀರಿದ ಕಂಪನಿಗೆ ದಿನಕ್ಕೆ 50,000 ರೂಪಾಯಿಯಂತೆ ಗರಿಷ್ಠ 50 ಲಕ್ಷ ರೂಪಾಯಿವರೆಗೆ ದಂಡ. ಕೋಟಿಗಳಲ್ಲಿ ವ್ಯವಹರಿಸುವ ಕಂಪನಿಗಳಿಗೆ ಇದು ಚಿಲ್ಲರೆ ಹಣವೇ ಸರಿ. ಆದರೂ ನಿಯಮ ನಾಟಿತು. ಮೂರು ದಿನ ಕಳೆಯುವಷ್ಟರಲ್ಲಿ ಫೇಸ್‌ಬುಕ್, ಆಯ್ದ ತಾಣಗಳನ್ನಷ್ಟೇ ಉಚಿತವಾಗಿ ತೋರಿಸುತ್ತಿದ್ದ ತನ್ನ ‘ಫ್ರೀ ಬೇಸಿಕ್ಸ್’ ಯೋಜನೆಯನ್ನು ಭಾರತದಿಂದ ಹಿಂತೆಗೆದುಕೊಂಡಿತು. ಅಂದಿನಿಂದ ನಮ್ಮಲ್ಲಿ ನೆಟ್ ನ್ಯೂಟ್ರಾಲಿಟಿ (ಅಂತರ್ಜಾಲದ ತಟಸ್ಥತೆ) ಎಂದರೆ ಗೆದ್ದು ಮುಗಿದ ಹೋರಾಟ ಎಂಬ ಭಾವನೆ ಬೇರೂರಿದೆ.

ಗೆದ್ದದ್ದು ನಿಜ. ಆದರೆ ಆ ಗೆಲುವು ಈಗಾಗಲೇ ಅಂತರ್ಜಾಲದ ಒಳಗಿದ್ದವರದ್ದು. ಹೊರಗಿದ್ದವರ ಹೆಸರನ್ನು ಅಂದು ಎರಡೂ ಪಕ್ಷಗಳು ಧಾರಾಳವಾಗಿ ಬಳಸಿದವು: ಬಡವರಿಗೆ ಅಷ್ಟಾದರೂ ಸಿಗಲಿ ಎಂದು ಒಂದು ಕಡೆಯವರು, ಬಡವರಿಗೆ ಅರೆಬರೆ ಅಂತರ್ಜಾಲ ಬೇಡ, ಪೂರ್ತಿಯಾದದ್ದೇ ಸಿಗಲಿ ಎಂದು ಇನ್ನೊಂದು ಕಡೆಯವರು. ಎರಡನೆಯವರ ಮಾತು ಗೆದ್ದಿತು. ಆ ಮಾತಿನೊಳಗೆ ಒಂದು ಭರವಸೆಯೂ ಅಡಗಿತ್ತು. ಅದನ್ನು ಈಡೇರಿಸುವವರು ಯಾರು ಎಂಬುದು ಮಾತ್ರ ಇತ್ಯರ್ಥವಾಗಲಿಲ್ಲ. ಈ ಲೇಖನದ ಕಾಳಜಿ ಮುಖ್ಯವಾಗಿ ಅದರ ಬಗ್ಗೆ.

ಮೊದಲು ತತ್ವವನ್ನು ನೋಡೋಣ. ಕೊಲಂಬಿಯಾ ವಿಶ್ವವಿದ್ಯಾಲಯದ ಕಾನೂನು ಪ್ರಾಧ್ಯಾಪಕರಾದ ಟಿಮ್ ವೂ 2003ರ ಪ್ರಬಂಧವೊಂದರಲ್ಲಿ ಚಲಾವಣೆಗೆ ತಂದ ಈ ಪರಿಕಲ್ಪನೆಯ ಪ್ರಕಾರ, ಸಂಪರ್ಕ ಒದಗಿಸುವ ಕಂಪನಿಯು ತನ್ನ ಜಾಲದಲ್ಲಿ ಹಾದುಹೋಗುವ ಎಲ್ಲ ಮಾಹಿತಿಯನ್ನೂ ಸಮನಾಗಿ ಕಾಣಬೇಕು. ಅದು ಎಲ್ಲಿಂದ ಬಂತು, ಯಾರಿಗೆ ಹೋಗುತ್ತಿದೆ, ಅದರಲ್ಲಿ ಏನಿದೆ ಎಂದು ನೋಡಿ ತಡೆಯುವುದು, ನಿಧಾನ ಮಾಡುವುದು, ಬೆಲೆ ಬದಲಿಸುವುದು ಸಲ್ಲದು. ಇದೊಂದು ಕಾಲ್ಪನಿಕ ಭಯವಲ್ಲ, ಏಕೆಂದರೆ ಕಂಪನಿಗೆ ಹಾಗೆ ಮಾಡುವ ಸಾಮರ್ಥ್ಯ ನಿಜವಾಗಿಯೂ ಇದೆ. ನಮ್ಮ ಫೋನಿನಿಂದ ಹೊರಡುವ ಮಾಹಿತಿ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಕಂಪನಿಯ ಉಪಕರಣಗಳ ಮೂಲಕವೇ ಸಾಗುತ್ತದೆ. ಈಗಿನ ಬಹುತೇಕ ಸಂಪರ್ಕಗಳು ಗೂಢಲಿಪಿಯಲ್ಲಿರುವುದರಿಂದ ಒಳಗಿನ ಬರಹವಾಗಲಿ ಚಿತ್ರವಾಗಲಿ ಕಂಪನಿಗೆ ಕಾಣದಿರಬಹುದು. ಆದರೆ ಸಂಪರ್ಕ ಶುರುವಾಗುವ ಕ್ಷಣದಲ್ಲಿ ಯಾವ ತಾಣದ ಬಾಗಿಲು ತಟ್ಟಲಾಗುತ್ತಿದೆ ಎಂಬ ಹೆಸರು ಸಾಮಾನ್ಯವಾಗಿ ಬಯಲಾಗಿಯೇ ಹೋಗುತ್ತದೆ. ಆ ಹೆಸರೊಂದು ಸಿಕ್ಕರೆ ಸಾಕು, ಈ ತಾಣದ ಡೇಟಾವನ್ನು ಲೆಕ್ಕಕ್ಕೆ ಸೇರಿಸಬೇಡ, ಆ ತಾಣದ ವೇಗವನ್ನು ಅರ್ಧಕ್ಕಿಳಿಸು ಎಂದು ಬಿಲ್ಲಿಂಗ್ ವ್ಯವಸ್ಥೆಗೆ ಸೂಚನೆ ಕೊಡುವುದು ಕಷ್ಟದ ಕೆಲಸವಲ್ಲ. ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ಬಿಟ್‌ಟೊರೆಂಟ್ ಮೂಲಕ ನಡೆಯುವ ಕಡತ ವಿನಿಮಯಕ್ಕೆ ಗುಟ್ಟಾಗಿ ಅಡ್ಡಿಪಡಿಸುತ್ತಿದ್ದದ್ದು 2007ರಲ್ಲಿ ಬಯಲಾದಾಗ ಈ ವಿಷಯ ವಿದ್ವಾಂಸರ ಪ್ರಬಂಧಗಳಾಚೆಗೂ ದೊಡ್ಡ ಚರ್ಚೆಯಾಯಿತು.

ಈ ತತ್ವವನ್ನು ವಿವರಿಸುವಾಗ ವಿದ್ಯುತ್ತಿನ ಹೋಲಿಕೆ ಕೊಡುವುದು ವಾಡಿಕೆ: ಮಿಕ್ಸಿ ಓಡಿಸಿದರೂ ಫ್ಯಾನ್ ಓಡಿಸಿದರೂ ಯೂನಿಟ್ಟಿಗೆ ಒಂದೇ ದರ ಎಂದು. ಕರ್ನಾಟಕದಲ್ಲಿ ಕುಳಿತು ಈ ಹೋಲಿಕೆಯನ್ನು ಹಾಗೆಯೇ ಒಪ್ಪಲಾಗದು. ನಮ್ಮಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಮನೆಗೆ ಒಂದು ದರ, ಅಂಗಡಿಗೆ ಇನ್ನೊಂದು ದರ, ಕಾರ್ಖಾನೆಗೆ ಮತ್ತೊಂದು. ಬಳಕೆಯನ್ನು ನೋಡಿ ಬೆಲೆ ಕಟ್ಟುವುದೇ ಇಲ್ಲಿನ ಪದ್ಧತಿ. ಆದರೆ ಆ ವ್ಯತ್ಯಾಸವನ್ನು ನಿರ್ಧರಿಸುವುದು ಸರ್ಕಾರ ಮತ್ತು ವಿದ್ಯುತ್ ನಿಯಂತ್ರಣ ಆಯೋಗ. ಅದಕ್ಕೆ ಬಹಿರಂಗ ವಿಚಾರಣೆ ನಡೆಯುತ್ತದೆ, ಸಬ್ಸಿಡಿಯ ಹಣ ಬಜೆಟ್ಟಿನಲ್ಲಿ ಕಾಣುತ್ತದೆ. ಹೊಲದಲ್ಲಿರುವುದು ಯಾವ ಕಂಪನಿಯ ಪಂಪು ಎಂದು ಎಸ್ಕಾಂ ಕೇಳುವುದಿಲ್ಲ. ಪಂಪು ತಯಾರಿಸುವ ಒಂದು ಕಂಪನಿ ಎಸ್ಕಾಂ ಜೊತೆ ಒಳಒಪ್ಪಂದ ಮಾಡಿಕೊಂಡು ‘ನಮ್ಮ ಪಂಪಿಗೆ ಮಾತ್ರ ಕರೆಂಟು ಪುಕ್ಕಟೆ’ ಎಂದು ಘೋಷಿಸಿದ್ದರೆ ಏನಾಗುತ್ತಿತ್ತೋ ಅದೇ 2015ರಲ್ಲಿ ಡೇಟಾದ ವಿಷಯದಲ್ಲಿ ಆಗತೊಡಗಿತ್ತು. ಹಿಂದುಳಿದವರಿಗೆ ಅಗ್ಗವಾಗಿ ಕೊಡುವುದು ಬೇರೆ, ಹಣ ಕೊಟ್ಟ ತಾಣವನ್ನು ಮಾತ್ರ ಅಗ್ಗವಾಗಿಸುವುದು ಬೇರೆ. ಈ ಎರಡನ್ನೂ ಒಂದೇ ಎಂಬಂತೆ ಕಲಸಿದ್ದರಿಂದಲೇ ಅಂದಿನ ಚರ್ಚೆ ಅಷ್ಟು ಗೋಜಲಾಯಿತು.

ಗೋಜಲಿನ ಆರಂಭ 2014ರ ಡಿಸೆಂಬರ್‌ನಲ್ಲಿ. ಅಂತರ್ಜಾಲದ ಮೂಲಕ ಮಾಡುವ ಕರೆಗಳಿಗೆ ಬೇರೆಯದೇ ದರ ವಿಧಿಸುವುದಾಗಿ ಏರ್‌ಟೆಲ್ ಪ್ರಕಟಿಸಿತು. ವಿರೋಧ ಬಂದ ಮೇಲೆ ಹಿಂದೆ ಸರಿಯಿತು. ಕಂಪನಿಗಳ ಸಂಕಟ ಅರ್ಥವಾಗದ್ದೇನಲ್ಲ. ಎಸ್ಸೆಮ್ಮೆಸ್ಸಿನ ಆದಾಯವನ್ನು ವಾಟ್ಸ್‌ಆ್ಯಪ್ ಕಬಳಿಸಿತ್ತು, ಕರೆಗಳ ಆದಾಯಕ್ಕೂ ಅದೇ ಗತಿ ಬರುವ ಲಕ್ಷಣವಿತ್ತು, ತರಂಗಾಂತರ ಹರಾಜಿಗೆ ಸುರಿದ ಹಣ ವಾಪಸಾಗಬೇಕಿತ್ತು. 2015ರ ಮಾರ್ಚ್ 27ರಂದು ಟ್ರಾಯ್ 118 ಪುಟಗಳ ಸಮಾಲೋಚನಾ ಪತ್ರವನ್ನು ಹೊರಡಿಸಿ 20 ಪ್ರಶ್ನೆಗಳನ್ನು ಮುಂದಿಟ್ಟಾಗ, ಅದರ ಧಾಟಿ ಕಂಪನಿಗಳ ಅಳಲಿಗೇ ಹೆಚ್ಚು ಹತ್ತಿರವಾಗಿತ್ತು. ಸಾಮಾನ್ಯವಾಗಿ ಇಂಥ ಪತ್ರಗಳನ್ನು ಓದುವವರು ವಕೀಲರು ಮತ್ತು ಕಂಪನಿಗಳ ನಿಯಂತ್ರಣ ವಿಭಾಗದವರು ಮಾತ್ರ. ಈ ಬಾರಿ ಬೆಂಗಳೂರು, ದೆಹಲಿ ಮತ್ತಿತರ ಕಡೆಗಳ ತಂತ್ರಜ್ಞರು, ಪತ್ರಕರ್ತರು, ವಕೀಲರು ಸೇರಿ ‘ಸೇವ್ ದಿ ಇಂಟರ್ನೆಟ್’ ಎಂಬ ಅಭಿಯಾನ ಕಟ್ಟಿದರು. ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿ, ಯಾರು ಬೇಕಾದರೂ ಒಂದು ಗುಂಡಿ ಒತ್ತಿ ಕಳಿಸುವಂತೆ ಮಾಡಿದರು. ಟ್ರಾಯ್‌ಗೆ 10 ಲಕ್ಷಕ್ಕೂ ಹೆಚ್ಚು ಇ-ಮೇಲ್‌ಗಳು ಹರಿದುಬಂದವು. ಪ್ರಾಧಿಕಾರವು ಅಷ್ಟನ್ನೂ ಕಳಿಸಿದವರ ಇ-ಮೇಲ್ ವಿಳಾಸಗಳ ಸಮೇತ ತನ್ನ ಜಾಲತಾಣದಲ್ಲಿ ಪ್ರಕಟಿಸಿಬಿಟ್ಟಿತು. ಅಂತರ್ಜಾಲವನ್ನು ನಿಯಂತ್ರಿಸಹೊರಟ ಸಂಸ್ಥೆಗೆ ಅಂತರ್ಜಾಲ ಎಷ್ಟು ಹೊಸದಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದೇ ಹೊತ್ತಿಗೆ ಏರ್‌ಟೆಲ್ ‘ಏರ್‌ಟೆಲ್ ಜೀರೋ’ ಎಂಬ ಯೋಜನೆಯನ್ನು ತಂದಿತು. ಆ್ಯಪ್ ಕಂಪನಿ ಹಣ ತೆತ್ತರೆ ಅದರ ಆ್ಯಪ್ ಬಳಸುವವರಿಗೆ ಡೇಟಾ ಖರ್ಚಾಗದು. ಬೆಂಗಳೂರಿನ ಫ್ಲಿಪ್‌ಕಾರ್ಟ್ ಇದರಲ್ಲಿ ಸೇರುವ ಮಾತುಕತೆಯಲ್ಲಿತ್ತು. ಬಳಕೆದಾರರು ಆ್ಯಪ್ ಅಂಗಡಿಗಳಲ್ಲಿ ಕಳಪೆ ಅಂಕ ಕೊಟ್ಟು ಸಿಟ್ಟು ತೀರಿಸಿಕೊಳ್ಳತೊಡಗಿದ ಮೇಲೆ 2015ರ ಏಪ್ರಿಲ್ 14ರಂದು ಹೊರನಡೆಯಿತು. ಸಣ್ಣದೊಂದು ಮನೆಯಲ್ಲಿ ಶುರುವಾಗಿ, ಯಾವ ದೂರಸಂಪರ್ಕ ಕಂಪನಿಯ ಅನುಮತಿಯನ್ನೂ ಕೇಳದೆ ಬೆಳೆದ ಒಂದು ಸಂಸ್ಥೆಯು ಬೆಳೆದ ಮೇಲೆ ತನ್ನ ಹಿಂದೆ ಬರುವವರ ದಾರಿಗೆ ಗೇಟು ಹಾಕಲು ಒಪ್ಪುತ್ತದೆಯೇ ಎಂದು ಅಂದು ಬೆಂಗಳೂರಿನ ಸ್ಟಾರ್ಟ್‌ಅಪ್ ವಲಯದಲ್ಲಿ ಎದ್ದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು.

ಫ್ರೀ ಬೇಸಿಕ್ಸ್ ಇವೆಲ್ಲಕ್ಕಿಂತ ಜಟಿಲವಾದ ಪ್ರಕರಣ. ಅದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2015ರ ಫೆಬ್ರುವರಿಯಲ್ಲಿ ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆಗೂಡಿ ‘ಇಂಟರ್ನೆಟ್.ಆರ್ಗ್’ ಎಂಬ ಹೆಸರಿನಲ್ಲಿ ಶುರುವಾದ ಈ ಸೇವೆಗೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಫ್ರೀ ಬೇಸಿಕ್ಸ್ ಎಂದು ಮರುನಾಮಕರಣವಾಯಿತು. ಡೇಟಾ ಪ್ಯಾಕ್ ಇಲ್ಲದವರೂ ಫೇಸ್‌ಬುಕ್, ಹವಾಮಾನ, ಸುದ್ದಿ, ಉದ್ಯೋಗ, ಆರೋಗ್ಯ ಮುಂತಾದ ಆಯ್ದ ತಾಣಗಳನ್ನು ಉಚಿತವಾಗಿ ನೋಡಬಹುದಿತ್ತು. ವಿಡಿಯೊ ಇರುವಂತಿಲ್ಲ, ದೊಡ್ಡ ಚಿತ್ರಗಳು ಇರುವಂತಿಲ್ಲ, ಫೇಸ್‌ಬುಕ್ ವಿಧಿಸಿದ ತಾಂತ್ರಿಕ ಷರತ್ತುಗಳನ್ನು ಪಾಲಿಸಿದ ತಾಣಗಳಿಗೆ ಮಾತ್ರ ಪ್ರವೇಶ, ಮತ್ತು ಎಲ್ಲ ಸಂಚಾರವೂ ಫೇಸ್‌ಬುಕ್ಕಿನ ಸರ್ವರ್ ಮೂಲಕವೇ ಹಾಯಬೇಕು. ಫೇಸ್‌ಬುಕ್ ಹಣ ಪಡೆಯುತ್ತಿರಲಿಲ್ಲ, ಜಾಹೀರಾತು ತೋರಿಸುತ್ತಿರಲಿಲ್ಲ, ಷರತ್ತು ಪಾಲಿಸುವ ಯಾರಿಗೂ ಬಾಗಿಲು ತೆರೆದಿದೆ ಎನ್ನುತ್ತಿತ್ತು. ಮಾರ್ಕ್ ಜುಕರ್‌ಬರ್ಗ್ 2015ರ ಡಿಸೆಂಬರ್ ಕೊನೆಯಲ್ಲಿ ಭಾರತದ ಇಂಗ್ಲಿಷ್ ದಿನಪತ್ರಿಕೆಯೊಂದರಲ್ಲಿ ತಾವೇ ಲೇಖನ ಬರೆದು, ಸಾರ್ವಜನಿಕ ಗ್ರಂಥಾಲಯದಲ್ಲಿ ಎಲ್ಲ ಪುಸ್ತಕಗಳೂ ಇರುವುದಿಲ್ಲ, ಹಾಗೆಂದು ಗ್ರಂಥಾಲಯ ಬೇಡವೆನ್ನುತ್ತೇವೆಯೇ ಎಂಬ ಅರ್ಥದ ವಾದ ಮುಂದಿಟ್ಟರು.

ಈ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ತಿಂಗಳಿಗೆ ಒಂದು ಜಿಬಿ ಡೇಟಾಕ್ಕೆ 250 ರೂಪಾಯಿಯ ಆಸುಪಾಸು ಕೊಡಬೇಕಿದ್ದ ಕಾಲ ಅದು. ಕೂಲಿಯ ಮೇಲೆ ಬದುಕುವ ಕುಟುಂಬಕ್ಕೆ ‘ಪೂರ್ತಿ ಅಂತರ್ಜಾಲ’ ಎಂಬುದು ತತ್ವದ ಮಾತಷ್ಟೇ ಆಗಿತ್ತು. ಆದರೆ ಗ್ರಂಥಾಲಯದ ಹೋಲಿಕೆಯಲ್ಲೇ ಅದರ ದೌರ್ಬಲ್ಯವೂ ಇತ್ತು. ಪುಸ್ತಕಗಳನ್ನು ಆರಿಸುವ ಗ್ರಂಥಪಾಲಕ ತಾನೇ ದೇಶದ ಅತಿದೊಡ್ಡ ಪ್ರಕಾಶಕನೂ ಆಗಿ, ಯಾವ ಓದುಗ ಯಾವ ಪುಟ ತೆರೆದ ಎಂಬುದು ಅವನ ಕೈದಾಟಿಯೇ ಹೋಗುವಂತಿದ್ದರೆ ಅದನ್ನು ಸಾರ್ವಜನಿಕ ಗ್ರಂಥಾಲಯ ಎನ್ನಲಾಗದು. ಟ್ರಾಯ್ ತನ್ನ ನಿರ್ಧಾರಕ್ಕೆ ಕೊಟ್ಟ ಕಾರಣಗಳಲ್ಲಿ ನನಗೆ ಎಲ್ಲಕ್ಕಿಂತ ಗಟ್ಟಿಯಾದದ್ದು ಎನಿಸುವುದೂ ಇದಕ್ಕೆ ಹತ್ತಿರದ್ದೇ: ಅಂತರ್ಜಾಲದ ಪರಿಚಯವೇ ಇಲ್ಲದವರಿಗೆ ಯಾವುದು ಇದೆ ಯಾವುದು ಇಲ್ಲ ಎಂದು ತಿಳಿಯುವ ದಾರಿ ಇರುವುದಿಲ್ಲ, ಅವರ ಮೊದಲ ಅಂತರ್ಜಾಲವನ್ನು ಸೇವಾದಾರನೇ ಆಯ್ದು ಕೊಟ್ಟರೆ ಅವರು ಮುಂದೆ ಏನನ್ನು ಕೇಳುತ್ತಾರೆ ಎಂಬುದನ್ನೂ ಅವನೇ ನಿರ್ಧರಿಸಿದಂತೆ.

ಫೇಸ್‌ಬುಕ್ ನಡೆಸಿದ ಪ್ರಚಾರವೇ ಅದರ ವಾದಕ್ಕೆ ಮುಳುವಾಯಿತು. ಪತ್ರಿಕೆಗಳಲ್ಲಿ ಪುಟಗಟ್ಟಲೆ ಜಾಹೀರಾತು, ಬಳಕೆದಾರರ ಪರದೆಯ ಮೇಲೆ ಸಿದ್ಧ ಪತ್ರ, ಒಂದು ಗುಂಡಿ ಒತ್ತಿದರೆ ಟ್ರಾಯ್‌ಗೆ ರವಾನೆ. ವಿಧಾನ ‘ಸೇವ್ ದಿ ಇಂಟರ್ನೆಟ್’ನವರದ್ದೇ, ಪ್ರಮಾಣ ಇನ್ನೂ ದೊಡ್ಡದು. ಪ್ರಾಧಿಕಾರಕ್ಕೆ ಸುಮಾರು 24 ಲಕ್ಷ ಪ್ರತಿಕ್ರಿಯೆಗಳು ಬಂದವು. ಆದರೆ ದರ ತಾರತಮ್ಯದ ಬಗ್ಗೆ 2015ರ ಡಿಸೆಂಬರ್‌ನಲ್ಲಿ ಹೊರಡಿಸಿದ ಇನ್ನೊಂದು ಸಮಾಲೋಚನಾ ಪತ್ರದಲ್ಲಿ ಟ್ರಾಯ್ ಕೇಳಿದ್ದ ನಾಲ್ಕು ಪ್ರಶ್ನೆಗಳಲ್ಲಿ ಒಂದಕ್ಕೂ ಆ ಸಿದ್ಧ ಪತ್ರ ಉತ್ತರಿಸಿರಲಿಲ್ಲ. ಫ್ರೀ ಬೇಸಿಕ್ಸ್ ಬೇಕು ಎಂದಷ್ಟೇ ಹೇಳಿತ್ತು. ಅರ್ಥಪೂರ್ಣ ಸಮಾಲೋಚನೆಯನ್ನು ಸಂಯೋಜಿತ ತಲೆಎಣಿಕೆಯಾಗಿಸಿದ್ದೀರಿ ಎಂಬ ಧಾಟಿಯಲ್ಲಿ ಪ್ರಾಧಿಕಾರ ಫೇಸ್‌ಬುಕ್ಕಿಗೆ ಬರೆದ ಕಟುವಾದ ಪತ್ರ, ಅಂದಿನ ಅಧ್ಯಕ್ಷ ಆರ್.ಎಸ್. ಶರ್ಮಾ ಅವರ ಅವಧಿಯ ಗಮನಾರ್ಹ ದಾಖಲೆಗಳಲ್ಲಿ ಒಂದು.

ಈ ಗದ್ದಲದಲ್ಲಿ ಹೆಚ್ಚು ಗಮನ ಸೆಳೆಯದ ಒಂದು ಸಲಹೆ ಬೆಂಗಳೂರಿನಿಂದ ಬಂದಿತ್ತು. ನಂದನ್ ನಿಲೇಕಣಿ ಮತ್ತು ತಂತ್ರಜ್ಞ ವಿರಾಲ್ ಶಾ ಫ್ರೀ ಬೇಸಿಕ್ಸನ್ನು ಬೇಲಿ ಹಾಕಿದ ತೋಟ ಎಂದು ಟೀಕಿಸುವುದರ ಜೊತೆಗೆ, ಬಡವರಿಗೆ ಡೇಟಾ ಪ್ಯಾಕಿನ ಹಣವನ್ನು ಸರ್ಕಾರವೇ ನೇರ ಲಾಭ ವರ್ಗಾವಣೆಯ ಮೂಲಕ ಕೊಡಲಿ, ಯಾವ ತಾಣ ನೋಡಬೇಕೆಂಬುದನ್ನು ಅವರೇ ನಿರ್ಧರಿಸಲಿ ಎಂದು ಬರೆದರು. ತಟಸ್ಥತೆಯ ತತ್ವಕ್ಕೂ ಬಡವರ ಅಗತ್ಯಕ್ಕೂ ಏಕಕಾಲಕ್ಕೆ ಸಲ್ಲುವ ಉತ್ತರ ಅದೊಂದೇ ಆಗಿತ್ತು. 2016ರ ಡಿಸೆಂಬರ್‌ನಲ್ಲಿ ಟ್ರಾಯ್ ಕೂಡ ಅದೇ ದಿಕ್ಕಿನಲ್ಲಿ ಯೋಚಿಸಿ, ಗ್ರಾಮೀಣ ಗ್ರಾಹಕರಿಗೆ ತಿಂಗಳಿಗೆ ಸುಮಾರು 100 ಎಂಬಿ ಡೇಟಾವನ್ನು ಉಚಿತವಾಗಿ ಕೊಡಬಹುದು, ವೆಚ್ಚವನ್ನು ದೂರಸಂಪರ್ಕ ಕಂಪನಿಗಳ ಆದಾಯದ ಪಾಲಿನಿಂದ ನಡೆಯುವ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿಯಿಂದ ಭರಿಸಬಹುದು ಎಂದು ಶಿಫಾರಸು ಮಾಡಿತು. ಆ ಶಿಫಾರಸು ಜಾರಿಗೆ ಬರಲಿಲ್ಲ.

ಜಾರಿಗೆ ತರುವ ಒತ್ತಡವೇ ಉಳಿದಿರಲಿಲ್ಲ ಎನ್ನುವುದು ಹೆಚ್ಚು ಸರಿ. 2016ರ ಸೆಪ್ಟೆಂಬರ್ 5ರಂದು ಜಿಯೋ ಬಂದಿತ್ತು. ತಿಂಗಳುಗಟ್ಟಲೆ ಉಚಿತ ಡೇಟಾ, ಆಮೇಲೂ ಪೈಪೋಟಿಯ ದರ. ಎರಡೇ ವರ್ಷಗಳಲ್ಲಿ ಒಂದು ಜಿಬಿಯ ಸರಾಸರಿ ಬೆಲೆ ಹತ್ತು ಹನ್ನೆರಡು ರೂಪಾಯಿಗೆ ಇಳಿಯಿತು. ತಿಂಗಳಿಗೆ 100 ಎಂಬಿ ಎಂಬ ಮಾತು ಹಾಸ್ಯಾಸ್ಪದವಾಗಿ ಕಾಣತೊಡಗಿತು, ಏಕೆಂದರೆ ಅನೇಕರು ಅಷ್ಟನ್ನು ಒಂದೇ ದಿನದಲ್ಲಿ ಬಳಸಿ ಮುಗಿಸುತ್ತಿದ್ದರು. ‘ಏನೂ ಇಲ್ಲದ್ದಕ್ಕಿಂತ ಅಷ್ಟಾದರೂ ಮೇಲಲ್ಲವೇ’ ಎಂಬ ಫ್ರೀ ಬೇಸಿಕ್ಸ್ ಪರವಾದ ವಾದಕ್ಕೆ ನಾವು ಯಾರೂ ಉತ್ತರ ಕೊಡಲಿಲ್ಲ. ಮಾರುಕಟ್ಟೆ ಆ ಪ್ರಶ್ನೆಯನ್ನೇ ಅಳಿಸಿಹಾಕಿತು. ಅಭಿಯಾನದವರು ಅದನ್ನು ತಮ್ಮ ನಿಲುವಿಗೆ ಸಿಕ್ಕ ಸಮರ್ಥನೆ ಎಂದುಕೊಂಡರು. ನನ್ನ ಮಟ್ಟಿಗೆ ಅದು ಅದೃಷ್ಟ ಮಾತ್ರ, ಮತ್ತು ಆ ಅದೃಷ್ಟಕ್ಕೆ ತನ್ನದೇ ಬೆಲೆಯಿತ್ತು. ಫ್ರೀ ಬೇಸಿಕ್ಸ್ ತಂದಿದ್ದ ರಿಲಯನ್ಸ್ ಕಮ್ಯುನಿಕೇಷನ್ಸ್ ಮೊಬೈಲ್ ಸೇವೆಯನ್ನೇ ಮುಚ್ಚಿತು, 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ವಿಲೀನಗೊಂಡವು, ಹತ್ತಾರು ಕಂಪನಿಗಳಿದ್ದ ಕ್ಷೇತ್ರದಲ್ಲಿ ಬಿಎಸ್‌ಎನ್‌ಎಲ್ ಬಿಟ್ಟರೆ ಮೂರು ಖಾಸಗಿ ಕಂಪನಿಗಳು ಉಳಿದವು. 2024ರ ಜುಲೈನಲ್ಲಿ ಆ ಮೂರೂ ಒಂದರ ಬೆನ್ನಿಗೊಂದು ದರ ಏರಿಸಿದಾಗ, ಗ್ರಾಹಕರಿಗೆ ಹೋಗಲು ಇದ್ದ ಬೇರೆ ಬಾಗಿಲು ಬಿಎಸ್‌ಎನ್‌ಎಲ್ ಒಂದೇ.

ದರ ಏರಿಕೆಯ ನಂತರದ ಸ್ಥಿತಿಯನ್ನು ಒಂದು ಸಾಮಾನ್ಯ ರೀಚಾರ್ಜ್‌ನಲ್ಲೇ ನೋಡಬಹುದು. ದಿನಕ್ಕೆ 1 ಅಥವಾ 1.5 ಜಿಬಿ, ಮುಗಿದ ಮೇಲೆ ವೇಗ 64 ಕೆಬಿಪಿಎಸ್ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. 64 ಕಿಲೊಬಿಟ್ ಎಂದರೆ ಸೆಕೆಂಡಿಗೆ 8 ಕಿಲೊಬೈಟ್. 2 ಎಂಬಿಯ ಒಂದು ಪಿಡಿಎಫ್ ಅರ್ಜಿ ನಮೂನೆ ಇಳಿಯಲು, ಸಂಪರ್ಕ ಒಮ್ಮೆಯೂ ಕಡಿಯದಿದ್ದರೆ, ನಾಲ್ಕು ನಿಮಿಷಕ್ಕೂ ಹೆಚ್ಚು ಬೇಕು; ಕೆಲವು ಸರ್ಕಾರಿ ಪೋರ್ಟಲ್‌ಗಳು ಅಷ್ಟು ಹೊತ್ತು ಕಾಯದೆ ‘ಸೆಷನ್ ಮುಗಿದಿದೆ’ ಎಂದು ಹೊರದಬ್ಬುತ್ತವೆ. ಇಲ್ಲಿ ತಟಸ್ಥತೆಯ ಉಲ್ಲಂಘನೆ ಏನೂ ಆಗಿಲ್ಲ. ಎಲ್ಲ ತಾಣಗಳೂ ಸಮಾನವಾಗಿಯೇ ನಿಧಾನವಾಗಿವೆ. ನಿಯಮದ ಅಕ್ಷರ ಪಾಲನೆಯಾಗಿದೆ, ಮನೆಯಲ್ಲಿ ಒಂದೇ ಫೋನಿರುವ ಕುಟುಂಬದ ವಿದ್ಯಾರ್ಥಿಗೆ ವಿದ್ಯಾರ್ಥಿವೇತನದ ಅರ್ಜಿ ಮಾತ್ರ ಸಲ್ಲಿಕೆಯಾಗಿಲ್ಲ. ಇನ್ನೊಂದು ತುದಿಯಲ್ಲಿ, ಡೇಟಾ ಬೇಡ, ಮಾತಾಡಿದರೆ ಸಾಕು ಎನ್ನುವ ವೃದ್ಧರು ಡೇಟಾ ಸೇರಿಸಿದ ಪ್ಯಾಕುಗಳನ್ನೇ ಕೊಳ್ಳಬೇಕಾಗಿ ಬಂದಿತ್ತು. ಕರೆ ಮತ್ತು ಎಸ್ಸೆಮ್ಮೆಸ್ಸಿಗೆ ಮಾತ್ರ ಪ್ರತ್ಯೇಕ ಪ್ಯಾಕ್ ಇರಲೇಬೇಕು ಎಂದು ಟ್ರಾಯ್ 2024ರ ಡಿಸೆಂಬರ್‌ನಲ್ಲಿ ಕಡ್ಡಾಯ ಮಾಡಬೇಕಾಯಿತು.

ತಟಸ್ಥತೆಯ ನಿಯಮ ಬೆಲೆಯಿಂದಾಚೆಗೂ ಬೆಳೆದಿದೆ. ಟ್ರಾಯ್ 2017ರ ನವೆಂಬರ್‌ನಲ್ಲಿ ಕೊಟ್ಟ ಶಿಫಾರಸುಗಳನ್ನು ದೂರಸಂಪರ್ಕ ಇಲಾಖೆ 2018ರ ಜುಲೈನಲ್ಲಿ ಒಪ್ಪಿ, ತಡೆಯುವುದು, ವೇಗ ಇಳಿಸುವುದು, ಕೆಲವರಿಗೆ ಆದ್ಯತೆಯ ವೇಗ ಕೊಡುವುದು ಇವನ್ನೆಲ್ಲ ನಿಷೇಧಿಸುವ ಷರತ್ತನ್ನು ಕಂಪನಿಗಳ ಪರವಾನಗಿಯಲ್ಲೇ ಸೇರಿಸಿತು. ಜಗತ್ತಿನ ಕಟ್ಟುನಿಟ್ಟಾದ ನಿಯಮಗಳಲ್ಲಿ ಇದೂ ಒಂದು ಎಂದು ಹೊಗಳಿಸಿಕೊಂಡಿದೆ, ಅದರಲ್ಲಿ ಅತಿಶಯವಿಲ್ಲ. ಆದರೆ ವಿನಾಯಿತಿಗಳೂ ಇವೆ: ತುರ್ತು ಸೇವೆಗಳು, ನ್ಯಾಯಾಲಯದ ಆದೇಶಗಳು, ಸರ್ಕಾರದ ಆದೇಶಗಳು, ‘ವಿಶೇಷ ಸೇವೆಗಳು’. ಸರ್ಕಾರದ ಆದೇಶ ಎಂಬಲ್ಲಿ ಸ್ವಲ್ಪ ನಿಲ್ಲಬೇಕು. ಕಂಪನಿ ಒಂದು ತಾಣವನ್ನು ನಿಧಾನಗೊಳಿಸಿದರೆ ಅಪರಾಧ, ಸರ್ಕಾರ ಇಡೀ ಜಿಲ್ಲೆಯ ಅಂತರ್ಜಾಲವನ್ನೇ ನಿಲ್ಲಿಸಿದರೆ ಅದು ಈ ಚರ್ಚೆಯ ವ್ಯಾಪ್ತಿಗೇ ಬರುವುದಿಲ್ಲ. 2019ರ ಡಿಸೆಂಬರ್‌ನಲ್ಲಿ ಪೌರತ್ವ ತಿದ್ದುಪಡಿ ವಿರೋಧಿ ಪ್ರತಿಭಟನೆಯ ವೇಳೆ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಡೇಟಾ ಸ್ಥಗಿತಗೊಂಡಾಗ ಎಲ್ಲ ತಾಣಗಳ ನಡುವಿನ ಸಮಾನತೆ ಪರಿಪೂರ್ಣವಾಗಿತ್ತು ಎಂದು ಬೇಕಾದರೆ ವ್ಯಂಗ್ಯವಾಗಿ ಹೇಳಬಹುದು.

‘ವಿಶೇಷ ಸೇವೆ’ ಎಂಬ ವಿನಾಯಿತಿ ಮುಂದಿನ ದಿನಗಳ ಜಗಳಕ್ಕೆ ಇಂಬು ಕೊಡುವಂಥದ್ದು. 5ಜಿ ತಂತ್ರಜ್ಞಾನದಲ್ಲಿ ಒಂದೇ ಜಾಲವನ್ನು ಹಲವು ತುಂಡುಗಳಾಗಿ ವಿಂಗಡಿಸಿ, ಒಂದೊಂದು ತುಂಡಿಗೂ ಬೇರೆ ಬೇರೆ ಗುಣಮಟ್ಟದ ಖಾತರಿ ಕೊಡಬಹುದು; ಇದನ್ನು ನೆಟ್‌ವರ್ಕ್ ಸ್ಲೈಸಿಂಗ್ ಎನ್ನುತ್ತಾರೆ. ದೂರದಿಂದ ನಡೆಸುವ ಶಸ್ತ್ರಚಿಕಿತ್ಸೆಗೋ ಕಾರ್ಖಾನೆಯ ಯಂತ್ರಗಳಿಗೋ ಇಂಥ ಖಾತರಿ ಬೇಕೇ ಬೇಕು. ಆದರೆ ಅದೇ ಖಾತರಿಯನ್ನು ಆಟದ ಆ್ಯಪಿಗೆ, ವಿಡಿಯೊ ಸೇವೆಗೆ ಮಾರಿದರೆ ಅದು ವಿಶೇಷ ಸೇವೆಯೋ, ಹಣ ಕೊಟ್ಟವರಿಗೆ ಹಾಸಿದ ಬೇರೆ ದಾರಿಯೋ? 2020ರಲ್ಲಿ ಏರ್‌ಟೆಲ್‌ನ ಪ್ಲಾಟಿನಂ ಮತ್ತು ವೊಡಾಫೋನ್ ಐಡಿಯಾದ ರೆಡ್‌ಎಕ್ಸ್ ಯೋಜನೆಗಳು ಹೆಚ್ಚು ಹಣ ಕೊಡುವ ಗ್ರಾಹಕರಿಗೆ ಆದ್ಯತೆಯ ವೇಗದ ಆಸೆ ತೋರಿಸಿದಾಗ ಟ್ರಾಯ್ ಅಡ್ಡಿಪಡಿಸಿ ವಿವರಣೆ ಕೇಳಿತ್ತು. ಅಲ್ಲಿ ಭೇದ ಇದ್ದದ್ದು ತಾಣಗಳ ನಡುವೆ ಅಲ್ಲ, ಗ್ರಾಹಕರ ನಡುವೆ. ತಟಸ್ಥತೆಯ ನಿಯಮ ಅದನ್ನು ಮುಟ್ಟುವುದಿಲ್ಲ ಎಂಬ ವಾದಕ್ಕೆ ಎಡೆಯಿತ್ತು. ಒಂದು ಟವರಿನ ಸಾಮರ್ಥ್ಯ ಮಿತವಾದದ್ದು. ಸಂಜೆಯ ದಟ್ಟಣೆಯಲ್ಲಿ ಒಬ್ಬರಿಗೆ ಆದ್ಯತೆ ಕೊಟ್ಟರೆ ಅದೇ ಟವರಿನ ಕೆಳಗಿರುವ ಇನ್ನೊಬ್ಬರ ಪಾಲಿನಿಂದಲೇ ಕೊಡಬೇಕು. ತಟಸ್ಥತೆ ಮತ್ತು ಸಮಾನ ಲಭ್ಯತೆ ಎಂಬ ಎರಡು ಮಾತುಗಳು ಒಂದಕ್ಕೊಂದು ಬೇರೆ ಎಂಬುದು ಹೀಗೆ ಕಾಣಿಸಿಕೊಳ್ಳುತ್ತದೆ.

ಕಂಪನಿಗಳು ಈಗ ಮುಂದಿಡುತ್ತಿರುವ ಬೇಡಿಕೆ ‘ನ್ಯಾಯಯುತ ಪಾಲು’. ಯೂಟ್ಯೂಬ್, ನೆಟ್‌ಫ್ಲಿಕ್ಸ್, ಮೆಟಾದಂಥ ಬೆರಳೆಣಿಕೆಯ ಸಂಸ್ಥೆಗಳೇ ಜಾಲದ ಹೆಚ್ಚಿನ ಸಂಚಾರವನ್ನು ಉಂಟುಮಾಡುತ್ತವೆ, ಆದ್ದರಿಂದ ಜಾಲ ಕಟ್ಟುವ ಖರ್ಚಿನಲ್ಲಿ ಅವೂ ಪಾಲು ಕೊಡಲಿ ಎಂದು ಮೊಬೈಲ್ ಸೇವಾದಾರರ ಒಕ್ಕೂಟ ಕೇಳುತ್ತಿದೆ. 2023ರ ಜುಲೈನಲ್ಲಿ ಟ್ರಾಯ್ ಹೊರಡಿಸಿದ ಸಮಾಲೋಚನಾ ಪತ್ರದ ಸಂದರ್ಭದಲ್ಲಿ ಈ ಬೇಡಿಕೆ ಜೋರಾಯಿತು. ಅದೇ ವರ್ಷ ಯುರೋಪಿನಲ್ಲೂ ಇದೇ ಚರ್ಚೆ ನಡೆದಿತ್ತು. ವಿಡಿಯೊವನ್ನು ಜಾಲದೊಳಕ್ಕೆ ಯೂಟ್ಯೂಬ್ ತಾನಾಗಿ ತಳ್ಳುವುದಿಲ್ಲ, ನೋಡುವವರು ಕೇಳಿದಾಗ ಬರುತ್ತದೆ, ಕೇಳಿದವರು ರೀಚಾರ್ಜ್ ಮಾಡಿ ಅದಕ್ಕೆ ಹಣ ಕೊಟ್ಟೂ ಆಗಿರುತ್ತದೆ ಎಂಬುದು ಇದಕ್ಕೆ ನೇರವಾದ ಉತ್ತರ. ಅನುಭವದ ಉತ್ತರ ದಕ್ಷಿಣ ಕೊರಿಯಾದಲ್ಲಿದೆ. ಸಂಚಾರ ಕಳಿಸುವವರೇ ಹಣ ತೆರಬೇಕೆಂಬ ವ್ಯವಸ್ಥೆಯನ್ನು ಅಲ್ಲಿ ಜಾಲಗಳ ನಡುವೆ 2016ರಲ್ಲಿ ತಂದರು. ಆಮೇಲೆ ನೆಟ್‌ಫ್ಲಿಕ್ಸ್ ಮತ್ತು ಎಸ್‌ಕೆ ಬ್ರಾಡ್‌ಬ್ಯಾಂಡ್ ನಡುವೆ ವರ್ಷಗಟ್ಟಲೆ ವ್ಯಾಜ್ಯ ನಡೆದು 2023ರಲ್ಲಿ ರಾಜಿಯಾಯಿತು. ಆಟಗಳ ನೇರಪ್ರಸಾರದ ತಾಣ ಟ್ವಿಚ್, ಅಲ್ಲಿನ ಜಾಲ ಶುಲ್ಕ ಇತರ ದೇಶಗಳಿಗಿಂತ ಹತ್ತುಪಟ್ಟು ಹೆಚ್ಚೆಂದು ಹೇಳಿ 2024ರ ಫೆಬ್ರುವರಿಯಲ್ಲಿ ಕೊರಿಯಾ ಬಿಟ್ಟಿತು. ನೆಟ್‌ಫ್ಲಿಕ್ಸ್ ರಾಜಿ ಮಾಡಿಕೊಳ್ಳಬಲ್ಲದು. ಕನ್ನಡದಲ್ಲಿ ನಾಟಕ, ಯಕ್ಷಗಾನ, ಪಾಠಗಳನ್ನು ಪ್ರಸಾರ ಮಾಡುವ ಸಣ್ಣ ವೇದಿಕೆಯೊಂದು ಮೂರು ಕಂಪನಿಗಳ ಜೊತೆ ಮೂರು ಒಪ್ಪಂದ ಮಾಡಿಕೊಂಡು ಉಳಿಯುವುದು ಸಾಧ್ಯವೇ ಎಂದು ಯೋಚಿಸಬೇಕು. ಈಗಲೇ ರೀಚಾರ್ಜ್ ಜೊತೆ ಸೇವಾದಾರರದ್ದೇ ವಿಡಿಯೊ ಆ್ಯಪಿನ ಚಂದಾ ‘ಉಚಿತ’ವಾಗಿ ಬರುತ್ತದೆ, ಡೇಟಾದ ದರ ಬದಲಾಗದ ಕಾರಣ 2016ರ ನಿಯಮಕ್ಕೆ ಅದು ಸಿಗುವುದಿಲ್ಲ.

ಈ ನಿಯಮಗಳು ಎಷ್ಟು ಗಟ್ಟಿ ಎಂಬ ಪ್ರಶ್ನೆಗೆ ಅಮೆರಿಕದ ಕಥೆ ಒಳ್ಳೆಯ ಎಚ್ಚರಿಕೆ. ಅಲ್ಲಿ 2015ರಲ್ಲಿ ನಿಯಮ ತಂದರು, 2017ರಲ್ಲಿ ತೆಗೆದರು, 2024ರಲ್ಲಿ ಮತ್ತೆ ತಂದರು, 2025ರ ಜನವರಿ 2ರಂದು ಮೇಲ್ಮನವಿ ನ್ಯಾಯಾಲಯ ರದ್ದುಪಡಿಸಿತು. ಸಂಸತ್ತು ಸ್ಪಷ್ಟ ಕಾಯ್ದೆ ಮಾಡದೆ ನಿಯಂತ್ರಕ ಸಂಸ್ಥೆಯ ವ್ಯಾಖ್ಯಾನದ ಮೇಲೆ ಎಲ್ಲವನ್ನೂ ನಿಲ್ಲಿಸಿದ್ದರಿಂದ ಅಧ್ಯಕ್ಷರು ಬದಲಾದಂತೆಲ್ಲ ನಿಯಮವೂ ಬದಲಾಯಿತು. ನಮ್ಮಲ್ಲೂ ತಟಸ್ಥತೆ ಇರುವುದು ಟ್ರಾಯ್ ನಿಯಮಾವಳಿಯಲ್ಲಿ ಮತ್ತು ಪರವಾನಗಿಯ ಷರತ್ತಿನಲ್ಲಿ. 2023ರ ದೂರಸಂಪರ್ಕ ಕಾಯ್ದೆ ಬ್ರಿಟಿಷರ ಕಾಲದ 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ ಬಂದಾಗ ಈ ತತ್ವವನ್ನು ಕಾಯ್ದೆಯೊಳಗೇ ಬರೆಯುವ ಅವಕಾಶವಿತ್ತು. ಅದನ್ನು ಬಳಸಿಕೊಳ್ಳಲಿಲ್ಲ.

ಇನ್ನು ಹೊರಗೇ ಉಳಿದವರ ವಿಷಯ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, 2019–21ರಲ್ಲಿ ಒಮ್ಮೆಯಾದರೂ ಅಂತರ್ಜಾಲ ಬಳಸಿದ್ದ ಮಹಿಳೆಯರು ಶೇ. 33.3, ಪುರುಷರು ಶೇ. 57.1. ಅಂದರೆ ಜಿಯೋದ ಅಗ್ಗದ ಡೇಟಾ ಬಂದು ಮೂರು ನಾಲ್ಕು ವರ್ಷಗಳಾದ ಮೇಲೂ ಮೂವರಲ್ಲಿ ಇಬ್ಬರು ಮಹಿಳೆಯರು ಹೊರಗಿದ್ದರು. ಬೆಲೆ ಒಂದೇ ಅಡ್ಡಿಯಾಗಿದ್ದರೆ ಅಂಕಿ ಹೀಗಿರುತ್ತಿರಲಿಲ್ಲ. ಮನೆಯ ಫೋನು ಯಾರ ಕೈಯಲ್ಲಿರುತ್ತದೆ, ಪರದೆಯ ಮೇಲಿನ ಭಾಷೆ ಓದಲು ಬರುತ್ತದೆಯೇ, ಟವರು ಎಷ್ಟು ದೂರ ಎಂಬುದೆಲ್ಲ ಸೇರಿ ಈ ಅಂಕಿಯಾಗಿದೆ. ಕೊರೊನಾ ಕಾಲದ ಆನ್‌ಲೈನ್ ತರಗತಿಗಳಿಗಾಗಿ ಮಲೆನಾಡಿನ ಮಕ್ಕಳು ಸಿಗ್ನಲ್ ಹುಡುಕಿ ಗುಡ್ಡ ಹತ್ತಿದ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು. ಶಿವಮೊಗ್ಗ ಜಿಲ್ಲೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಎಂಬ ಅಭಿಯಾನವೇ ನಡೆಯಿತು. ಮನೆಗಳು ಚದುರಿರುವ, ಕಾಡು ಗುಡ್ಡಗಳಿರುವ ಕಡೆ ಟವರು ನಿಲ್ಲಿಸಿದರೆ ಕಂಪನಿಗೆ ಲಾಭವಿಲ್ಲ. ಅಂಥ ಜಾಗಗಳಿಗೆಂದೇ 2002ರಲ್ಲಿ ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ ಸ್ಥಾಪನೆಯಾಗಿದೆ. ಕಂಪನಿಗಳು ತಮ್ಮ ಹೊಂದಾಣಿಕೆಗೊಂಡ ಒಟ್ಟು ಆದಾಯದ ಶೇ. 5ರಷ್ಟನ್ನು ಅದಕ್ಕೆ ಕೊಡುತ್ತವೆ, ಗ್ರಾಹಕರೇ ರೀಚಾರ್ಜ್ ಮೂಲಕ ಕೊಡುತ್ತಾರೆ ಎಂದರೂ ಸರಿ. ದೊಡ್ಡ ಮೊತ್ತ ವರ್ಷಗಟ್ಟಲೆ ಖರ್ಚಾಗದೆ ಕೂತಿತ್ತು. 2024ರಲ್ಲಿ ನಿಧಿಯ ಹೆಸರು ‘ಡಿಜಿಟಲ್ ಭಾರತ ನಿಧಿ’ ಎಂದು ಬದಲಾಯಿತು. ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ಒಯ್ಯುವ ಯೋಜನೆಗೆ 2011ರಲ್ಲಿ ಒಪ್ಪಿಗೆ ಸಿಕ್ಕಿತು, ಮುಂದೆ ಅದು ಭಾರತ್‌ನೆಟ್ ಆಯಿತು, ಗಡುವುಗಳು ಮತ್ತೆ ಮತ್ತೆ ಮುಂದಕ್ಕೆ ಹೋದವು, 2023ರ ಆಗಸ್ಟ್‌ನಲ್ಲಿ 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಯೋಜನೆಗೆ ಮಂಜೂರಾತಿ ದೊರೆಯಿತು. ಫೈಬರು ಪಂಚಾಯಿತಿ ಕಟ್ಟಡದವರೆಗೆ ಬಂದರೂ ಅಲ್ಲಿಂದ ಮನೆಗೆ ಬರುವುದು ಇನ್ನೊಂದು ಅಧ್ಯಾಯ.

ನ್ಯಾಯಾಲಯಗಳು ಈ ವಿಷಯದಲ್ಲಿ ಸರ್ಕಾರಗಳಿಗಿಂತ ಮುಂದೆ ಹೋಗಿವೆ. ಕಾಲೇಜು ಹಾಸ್ಟೆಲಿನಲ್ಲಿ ಹುಡುಗಿಯರ ಫೋನ್ ಬಳಕೆಗೆ ಹೇರಿದ್ದ ನಿರ್ಬಂಧದ ಪ್ರಕರಣದಲ್ಲಿ ಕೇರಳ ಹೈಕೋರ್ಟ್ 2019ರಲ್ಲೇ ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಮತ್ತು ಖಾಸಗಿತನದ ಹಕ್ಕಿನ ಭಾಗ ಎಂದಿತು. 2020ರ ಜನವರಿಯಲ್ಲಿ ಕಾಶ್ಮೀರದ ಅಂತರ್ಜಾಲ ಸ್ಥಗಿತದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಂತರ್ಜಾಲದ ಮೂಲಕ ಮಾತಾಡುವ ಮತ್ತು ವ್ಯಾಪಾರ ನಡೆಸುವ ಸ್ವಾತಂತ್ರ್ಯಕ್ಕೆ ಸಂವಿಧಾನದ 19ನೇ ವಿಧಿಯ ರಕ್ಷಣೆಯಿದೆ ಎಂದಿತು. 2025ರ ಏಪ್ರಿಲ್ 30ರಂದು, ಆ್ಯಸಿಡ್ ದಾಳಿಗೊಳಗಾದವರು ಮತ್ತು ದೃಷ್ಟಿದೋಷವುಳ್ಳವರು ಇ-ಕೆವೈಸಿಯಲ್ಲಿ ಎದುರಿಸುವ ತೊಡಕಿನ ಪ್ರಕರಣದಲ್ಲಿ ಡಿಜಿಟಲ್ ಲಭ್ಯತೆಯನ್ನು 21ನೇ ವಿಧಿಯ ಜೀವಿಸುವ ಹಕ್ಕಿನೊಳಗೆ ಸೇರಿಸಿತು. ಕಣ್ಣು ಮಿಟುಕಿಸಿ ಜೀವಂತಿಕೆ ತೋರಿಸಿ ಎಂದು ಕೇಳುವ ಆ್ಯಪಿನೆದುರು ಮಿಟುಕಿಸಲಾಗದವರು ಏನು ಮಾಡಬೇಕು ಎಂಬ ಆ ಪ್ರಶ್ನೆಯಲ್ಲಿ ಸಮಾನ ಲಭ್ಯತೆಯ ಅರ್ಥ ಯಾವ ತಾತ್ವಿಕ ಚರ್ಚೆಗಿಂತ ಚೆನ್ನಾಗಿ ತಿಳಿಯುತ್ತದೆ.

ಇದು ಹಕ್ಕಾಗಬೇಕಾದ ಕಾರಣ ಸರಳ: ಸರ್ಕಾರವೇ ಅಂತರ್ಜಾಲವನ್ನು ಕಡ್ಡಾಯ ಮಾಡಿದೆ. ಪಹಣಿ, ಜಾತಿ ಆದಾಯ ಪ್ರಮಾಣಪತ್ರ, ವಿದ್ಯಾರ್ಥಿವೇತನ, ಪಿಂಚಣಿ ಎಲ್ಲದರ ದಾರಿಯೂ ಪೋರ್ಟಲ್ ಮೂಲಕ. 2023ರಲ್ಲಿ ಗೃಹಲಕ್ಷ್ಮಿ ನೋಂದಣಿಗೆ ಗ್ರಾಮ ಒನ್ ಮತ್ತು ಬಾಪೂಜಿ ಸೇವಾ ಕೇಂದ್ರಗಳ ಮುಂದೆ ಸಾಲು ನಿಂತು ‘ಸರ್ವರ್ ಬಿಜಿ’ ಎಂಬ ಉತ್ತರ ಕೇಳಿ ಹಿಂದಿರುಗಿದ ಮಹಿಳೆಯರು ಅಂತರ್ಜಾಲವನ್ನು ಬಳಸಿದವರ ಲೆಕ್ಕಕ್ಕೆ ಸೇರುತ್ತಾರೋ ಇಲ್ಲವೋ ಯಾವ ಸಮೀಕ್ಷೆಯೂ ಹೇಳುವುದಿಲ್ಲ. ಪೋರ್ಟಲ್ ತೆರೆಯುವುದು ಇನ್ನೊಬ್ಬರ ಕೈಯಲ್ಲಿ, ಓಟಿಪಿ ಬರುವುದು ಗಂಡನ ಅಥವಾ ಮಗನ ಫೋನಿಗೆ.

ಹಾಗಾಗಿ ಮಾಡಬೇಕಾದ ಕೆಲಸಗಳಲ್ಲಿ ಹೊಸದೇನೂ ಇಲ್ಲ, ಬಹುತೇಕ ಎಲ್ಲವೂ ಯಾವುದೋ ಕಡತದಲ್ಲಿ ಈಗಾಗಲೇ ಇವೆ. ತಟಸ್ಥತೆಯನ್ನು ಪರವಾನಗಿಯ ಷರತ್ತಿನಿಂದ ಕಾಯ್ದೆಗೆ ಏರಿಸುವುದು, 5ಜಿಯಲ್ಲಿ ಯಾವುದು ವಿಶೇಷ ಸೇವೆ ಎಂಬುದನ್ನು ಕಂಪನಿಗಳು ಮಾರಲು ಶುರುಮಾಡುವ ಮೊದಲೇ ಬರೆದಿಡುವುದು, ದಿನದ ಡೇಟಾ ಮುಗಿದ ಮೇಲೂ ಪುಟವೊಂದು ತೆರೆಯುವಷ್ಟು ಕನಿಷ್ಠ ವೇಗವನ್ನು ಎಲ್ಲ ತಾಣಗಳಿಗೂ ಸಮನಾಗಿ ಉಳಿಸುವುದು. ಇವುಗಳಲ್ಲಿ ಮೂರನೆಯದು ಅಗ್ಗದ್ದು ಮತ್ತು ಬೇಗ ಆಗುವಂಥದ್ದು. ಆದರೂ ಅದರ ಬಗ್ಗೆ ಮಾತು ಕೇಳಿಬರುವುದು ಅಪರೂಪ. 2016ರ ನಿಯಮಾವಳಿಯಲ್ಲಿ, ಎರಡು ವರ್ಷಗಳ ನಂತರ ಪ್ರಾಧಿಕಾರವು ಇದನ್ನು ಮರುಪರಿಶೀಲಿಸಬಹುದು ಎಂಬ ಒಂದು ಸಾಲಿದೆ. ಮರುಪರಿಶೀಲನೆ ಎಂದೊಡನೆ ನಿಷೇಧ ಸಡಿಲವಾದೀತು ಎಂದು ಹೆದರುವವರಿದ್ದಾರೆ, ಹೆದರಿಕೆಗೆ ಕಾರಣವೂ ಇದೆ. ಆದರೆ ಆ ಸಾಲನ್ನು ಬಳಸಿಕೊಂಡು ಕೇಳಬಹುದಾದ ಬೇರೆ ಪ್ರಶ್ನೆಯೂ ಉಂಟು: ಕಂಪನಿಗಳ ಉಚಿತ ಕೊಡುಗೆಯನ್ನು ತಡೆದ ಮೇಲೆ, ಅದು ತಲುಪಬೇಕಿದ್ದವರಿಗೆ ಸಾರ್ವಜನಿಕ ನಿಧಿಯಿಂದ ಎಷ್ಟು ಡೇಟಾ ತಲುಪಿತು ಎಂದು.